ಅವ್ವನ ಕರಿಗೋಡೆ

ಶೋಕೇಸಿನಿಂದ ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲು ಇಳಿಬಿಟ್ಟಿರುವ ಮನೆಗೆ ಹೋದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ. ಅವರು ಎಷ್ಟೇ ಅಕ್ಕರೆಯಿಂದ ಬಡಿಸಲಿ, ಆ ದ್ರಾಕ್ಷಿಯ ಸಂದಿಯಲ್ಲಿ ಕೂತ ಧೂಳು, ಧೂಳಿನ ಮೇಲೆ ಹತ್ತಿದ ಒಗ್ಗರಣೆಯ ಜಿಡ್ಡು ಕಣ್ಣಿಗೆ ಬಿದ್ದ ಕೂಡಲೇ ತಟ್ಟೆ ಸರಿಸಿಬಿಡುತ್ತೇನೆ. ಯಲಹಂಕದ ನನ್ನ ಫ್ಲ್ಯಾಟಿಗೆ ಬಂದವರು ಸುತ್ತ ನೋಡಿ, ಗೋಡೆಯ ಮೇಲೆ ಒಂದು ಕ್ಯಾಲೆಂಡರಾದರೂ ಬೇಡವೇ ಎಂದು ಕೇಳುತ್ತಾರೆ. ನನ್ನ ಗಂಡ ನಗುತ್ತ, ಅವಳಿಗೆ ಅಲರ್ಜಿ ಎನ್ನುತ್ತಾನೆ. ಅಲರ್ಜಿಯಲ್ಲ, ಅಸಹ್ಯ. ಬೇರೆ ಮಕ್ಕಳು ಮನೆಯಲ್ಲಿ ಸಂಗೀತ ಕಲಿಯುತ್ತಾರೆ, ಅಡುಗೆ ಕಲಿಯುತ್ತಾರೆ, ದೇವರ ಭಯ ಕಲಿಯುತ್ತಾರೆ. ಶೆಟ್ಟಿಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಕಲಿತದ್ದು ಅಸಹ್ಯಪಡುವುದನ್ನು. ಮೊದಲು ತಪ್ಪು ವಸ್ತುಗಳ ಮೇಲೆ, ತಪ್ಪು ಜನರ ಮೇಲೆ ಪಟ್ಟೆ. ಸರಿಯಾದವರ ಮೇಲೆ ಪಡುವಷ್ಟು ಬುದ್ಧಿ ಬರುವ ಹೊತ್ತಿಗೆ ಆ ಕೋಣೆಯಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ.

ಅಪ್ಪ ಬಾಗಲಕೋಟೆ ಕಡೆಯವನು. ಜಾಲಹಳ್ಳಿಯ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಇಲ್ಲಿಗೆ ಬಂದು, ಪಕ್ಕದ ಹೊಲದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದಾಗ ಶೆಟ್ಟಿಹಳ್ಳಿಯಲ್ಲಿ ಒಂದು ಸೈಟು ಹಿಡಿದು ಮನೆ ಕಟ್ಟಿದ. ಮನೆ ಎಂದರೆ ಒಂದು ಅಡುಗೆಮನೆ, ಜೋಳದ ಚೀಲ ಮತ್ತು ಟ್ರಂಕುಗಳನ್ನು ಒಟ್ಟಿದ ಒಂದು ಗೂಡು, ಹಿಂದೆ ಬಚ್ಚಲು, ಮುಂದೆ ಒಂದು ದೊಡ್ಡ ಕೋಣೆ. ಅಪ್ಪ ಅವ್ವ ಅದನ್ನು ಪಡಸಾಲಿ ಅನ್ನುತ್ತಿದ್ದರು, ನಾನು ಶಾಲೆ ಸೇರಿದ ಮೇಲೆ ಹಾಲ್ ಅನ್ನತೊಡಗಿದೆ. ಏನೇ ಅಂದರೂ ಅದು ಎಲ್ಲದಕ್ಕೂ ಒದಗಬೇಕಿತ್ತು. ಬೆಳಿಗ್ಗೆ ದೇವರ ಪೂಜೆ ಅಲ್ಲೇ, ತಲೆ ಬಾಚುವುದು ಅಲ್ಲೇ, ಊಟ ಅಲ್ಲೇ, ನನ್ನ ಓದು ಅಲ್ಲೇ, ಮಳೆಗಾಲದಲ್ಲಿ ಬಟ್ಟೆ ಒಣಗುವುದೂ ಅಲ್ಲೇ. ಒಂದು ಮೂಲೆಯಲ್ಲಿ ಊದುಬತ್ತಿಯ ವಾಸನೆ, ಇನ್ನೊಂದು ಮೂಲೆಯಲ್ಲಿ ಒದ್ದೆ ಟವೆಲ್ಲಿನ ಮುಗ್ಗು. ಎರಡೂ ನಡುವೆ ಎಲ್ಲೋ ಕೂಡಿಕೊಂಡು ಹುಟ್ಟುವ ಮೂರನೆಯ ವಾಸನೆಯೊಂದಿತ್ತಲ್ಲ, ಅದೇ ನಮ್ಮ ಮನೆಯ ವಾಸನೆ.

ಊರಿನ ಜನ ಬೇರೆ. ಬೆಂಗಳೂರಿನಲ್ಲಿ ನಮ್ಮದೊಂದು ಮನೆ ಎದ್ದಿದೆ ಎಂಬ ಸುದ್ದಿ ಅಲ್ಲಿ ತಲುಪಿದ್ದೇ ತಡ, ಬಸ್ಸಿಳಿದವರೆಲ್ಲ ನೇರ ನಮ್ಮ ಬಾಗಿಲಿಗೆ ಬರತೊಡಗಿದರು. ಇಂಟರ್‌ವ್ಯೂಗೆ ಬಂದವರು, ಆಸ್ಪತ್ರೆಗೆ ಬಂದವರು, ಹೈಕೋರ್ಟಿನಲ್ಲಿ ಹೊಲದ ತಂಟೆ ಇದ್ದವರು, ಏನೂ ಕೆಲಸವಿಲ್ಲದೆ ವಿಧಾನಸೌಧ ನೋಡಲು ಬಂದವರು. ಅವರನ್ನು ಮಲಗಿಸುವುದು ಆ ಕೋಣೆಯಲ್ಲೇ. ಗೋಡೆಗೆ ಒರಗಿ ಕೂತು ಹರಟುತ್ತಿದ್ದ ಅವರ ತಲೆಗಳಿಂದ ಬಣ್ಣದ ಮೇಲೆ ಎಣ್ಣೆಯ ಕಲೆಗಳು ಬಿದ್ದಿದ್ದವು, ಸಾಲಾಗಿ, ಒಂದೊಂದು ಒಂದೊಂದು ಎತ್ತರದಲ್ಲಿ. ಎತ್ತರದ ಕಲೆ ಯಾರದು, ಗಿಡ್ಡನೆಯದು ಯಾರದು ಎಂದು ನಾನು ಹೇಳಬಲ್ಲವಳಾಗಿದ್ದೆ. ಅವರ ಕಾಲ್ಚೀಲಗಳು ಕಿಟಕಿಯ ಸರಳಿನಲ್ಲಿ ತೂಗುತ್ತಿದ್ದವು. ಅವರು ಕ್ಷೌರ ಮಾಡಿಕೊಂಡ ನೀರು ನನ್ನ ಕಂಪಾಸಿನ ಪಕ್ಕದಲ್ಲಿ ಇರುತ್ತಿತ್ತು. ಒಮ್ಮೆಯೂ ಅಪ್ಪ ಯಾರಿಗೂ ಆಗುವುದಿಲ್ಲ ಎಂದವನಲ್ಲ. ಅದನ್ನು ದೊಡ್ಡ ಗುಣವೆಂದು ಈಗ ಹೊಗಳಬಹುದು. ಬಕೆಟ್ಟಿನಲ್ಲಿ ಬೇರೆಯವರ ಕೂದಲು ಕಂಡು ಸ್ನಾನ ಮಾಡದೆ ಶಾಲೆಗೆ ಹೋದವಳಿಗೆ ಆ ಹೊಗಳಿಕೆ ಬರುವುದಿಲ್ಲ.

ಕೋಣೆಯ ಅಲಂಕಾರ ಮಾಡಿದವರೂ ಅವರೇ. ಮನೆ ತುಂಬುವ ದಿನ ಬಂದ ಉಡುಗೊರೆಗಳಲ್ಲಿ ಗಡಿಯಾರಗಳೇ ಏಳು. ಉಳಿದವು ಗಾಜು ಹಾಕಿಸಿದ ದೇವರ ಪಟಗಳು, ರಥದ ಪಟಗಳು, ಹಂಸದ ಪಟಗಳು. ಪ್ರತಿಯೊಂದರ ಗಾಜಿನ ಮೇಲೂ ಕೆಳಗಡೆ ಕೆಂಪು ಬಣ್ಣದಲ್ಲಿ ಕೊಟ್ಟವರ ಹೆಸರು, ಊರು, ಕೆಲವರದು ಹುದ್ದೆ ಕೂಡ. ನಮ್ಮ ಕಡೆಯ ಪದ್ಧತಿ ಏನೆಂದರೆ, ಕೊಟ್ಟದ್ದನ್ನು ಗೋಡೆಗೆ ಹಾಕಲೇಬೇಕು. ಕೊಟ್ಟವನು ಮುಂದೆ ಯಾವಾಗಲಾದರೂ ಬರುತ್ತಾನೆ, ಬಂದವನು ಚಪ್ಪಲಿ ಬಿಡುವ ಮೊದಲೇ ತನ್ನ ಪಟ ಎಲ್ಲಿದೆ ಎಂದು ಹುಡುಕುತ್ತಾನೆ. ಕಾಣಲಿಲ್ಲವೋ, ಸಂಬಂಧ ಹರಿಯಿತು. ಊರಿಗೆ ಹೋಗಿ ಅವನು ಹೇಳುವುದು ಒಂದೇ ಮಾತು, ಅವರಿಗೆ ಬೆಂಗಳೂರಿನ ಗಾಳಿ ಹತ್ತಿದೆ ಎಂದು. ಹಾಗಾಗಿ ಅಪ್ಪ ಸುತ್ತಿಗೆ ಹಿಡಿದು ಬಾಗಿಲಿನ ಮೇಲೆ, ಕಿಟಕಿಯ ಪಕ್ಕ, ಅಡುಗೆಮನೆಯ ಚೌಕಟ್ಟಿನ ನೆತ್ತಿಯ ಮೇಲೆ, ಎಲ್ಲೆಲ್ಲಿ ಅಂಗೈಯಗಲ ಜಾಗವಿತ್ತೋ ಅಲ್ಲೆಲ್ಲ ಮೊಳೆ ಹೊಡೆದ. ದಾರದಲ್ಲಿ ತೂಗುಹಾಕಿದ ಪಟ ಮುಂದಕ್ಕೆ ಬಾಗಿರುತ್ತದಲ್ಲ, ಅದರ ಹಿಂದಿನ ಸಂದಿಯಲ್ಲಿ ಹಲ್ಲಿಗಳು ಸಂಸಾರ ಹೂಡಿದವು. ಹಲ್ಲಿಯ ಹಿಕ್ಕೆ ದಿನವೂ ಗುಡಿಸಬೇಕಿತ್ತು. ಒಂದು ದಿನ ಊಟಕ್ಕೆ ಕೂತಾಗ ರಥದ ಪಟದ ಹಿಂದಿನಿಂದ ಹಲ್ಲಿಯ ಮೊಟ್ಟೆಯೊಂದು ಜಾರಿ ನನ್ನ ತಟ್ಟೆಯ ಶೇಂಗಾ ಚಟ್ನಿಯಲ್ಲಿ ಬಿತ್ತು. ನಾನು ವಾಂತಿ ಮಾಡಿಕೊಂಡೆ. ಅಪ್ಪ ಎದ್ದು ಪಟವನ್ನು ತೆಗೆದ, ಹಿಂಬದಿ ಒರೆಸಿದ, ಮತ್ತೆ ಅಲ್ಲಿಯೇ ಹಾಕಿದ.

"ಬಾಜೂಕ್ಕರ ಹಾಕ್ರಿ, ಊಟಕ್ಕ ಕುಂಡ್ರೂ ಜಾಗಾದಾಗ ಯಾಕ?" ಎಂದಳು ಅವ್ವ.

"ಎಲ್ಲೆ ಹಾಕ್ಲಿ? ಜಾಗಾ ಎಲ್ಲೈತಿ? ನಾಳೆ ಮಾವ ಬಂದು ನನ್ನ ಪಟಾ ಎಲ್ಲಿ ಅಂದ್ರ ಹಲ್ಲಿ ತತ್ತಿ ಇಟ್ಟಿತ್ತರೀ ಅಂತ ಹೇಳ್ಲೇನು?"

ಜಾಗ ಇರಲಿಲ್ಲ ಎಂದಲ್ಲ. ಬಾಗಿಲಿನ ಎದುರಿಗಿದ್ದ ದೊಡ್ಡ ಗೋಡೆ ಪೂರ್ತಿ ಖಾಲಿ ಇತ್ತು. ಉಳಿದ ಮೂರು ಗೋಡೆಗಳಲ್ಲಿ ಕಿಟಕಿಯೋ ಬಾಗಿಲೋ ಇದ್ದವು, ಇದರಲ್ಲಿ ಏನೂ ಇರಲಿಲ್ಲ. ಅದು ಅವ್ವನದು. ಮದುವೆಗೆ ಮೊದಲು ಅವ್ವ ತನ್ನ ಊರಿನ ಹೈಸ್ಕೂಲಿನಲ್ಲಿ ಎರಡು ವರ್ಷ ಗಣಿತ ಹೇಳಿದ್ದಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅದು ನಿಂತಿತು. ಮನೆ ಕಟ್ಟುವಾಗ ಅವಳು ಬೇಡಿದ್ದು ಒಂದೇ, ಮುಂದಿನ ಕೋಣೆಯಲ್ಲಿ ಸಂಜೆ ಎರಡು ತಾಸು ಮಕ್ಕಳಿಗೆ ಪಾಠ ಹೇಳುತ್ತೇನೆ, ಒಂದು ಗೋಡೆ ನನಗೆ ಬಿಡಿ. ಅಪ್ಪ ಒಪ್ಪಿದ್ದ. ಅವನಿಗೆ ಆಗ ಅದು ಖರ್ಚಿಲ್ಲದ ಆಸೆಯಾಗಿ ಕಂಡಿರಬೇಕು. ಅವ್ವ ಇದ್ದಿಲು ಕುಟ್ಟಿ, ಹಳೆಯ ಬ್ಯಾಟರಿ ಸೆಲ್ಲುಗಳನ್ನು ಒಡೆದು ಅದರೊಳಗಿನ ಮಸಿ ತೆಗೆದು, ತೊಂಡೆ ಎಲೆಯ ರಸದಲ್ಲಿ ಕಲಸಿದಳು. ತನ್ನ ಊರಿನ ಶಾಲೆಯಲ್ಲಿ ಬೇಸಿಗೆ ರಜೆ ಮುಗಿದ ಕೂಡಲೇ ಮಾಸ್ತರು ಮಕ್ಕಳನ್ನು ಕೂಡಿಸಿ ಹೀಗೆಯೇ ಬೋರ್ಡಿಗೆ ಬಣ್ಣ ಹಚ್ಚುತ್ತಿದ್ದರಂತೆ. ಮೂರು ದಿನ, ಮೂರು ಕೈ ಹಚ್ಚಿದಳು. ಅವಳ ಉಗುರಿನಲ್ಲಿ ಕಪ್ಪು ಹದಿನೈದು ದಿನ ಇತ್ತು. ಆಳೆತ್ತರದ, ಗೋಡೆಯುದ್ದದ ಕರಿಹಲಗೆ. ಪಕ್ಕದ ಮನೆಯ ಜಯಮ್ಮ, ಶೆಟ್ಟಿಹಳ್ಳಿಯದೇ ಹಳೆಯ ಮನೆತನದವಳು, ಹಿತ್ತಿಲಲ್ಲಿ ನಾಲ್ಕು ಹಸು ಕಟ್ಟಿದ್ದವಳು, ಬಂದು ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಂತಳು.

"ಅಯ್ಯೋ, ಇದೇನಕ್ಕ ಇಂಗ್ ಮಾಡ್ಬುಟ್ರಿ! ಒಸ ಮನೆ ಗೋಡೆಗೆ ಮಸಿ ಬಳ್ದವ್ರೆ ಅಂತ ಬೀದೀಲೆಲ್ಲ ಏಳ್ತಾವ್ರೆ."

"ಮಸಿ ಅಲ್ರಿ, ಬೋರ್ಡದು. ನಿಮ್ಮ ಲತಾನ್ನ ಕಳಸ್ರಿ, ಲೆಕ್ಕಾ ಹೇಳ್ತೀನಿ."

ಮರುದಿನ ಬಂದವಳು ಲತಾ ಒಬ್ಬಳೇ. ತಿಂಗಳೊಳಗೆ ಒಂಬತ್ತು ಮಕ್ಕಳಾದರು. ನಾಲ್ಕು ಗಂಟೆಗೆ ಚಾಪೆ ಹಾಸುವುದು, ಆರಕ್ಕೆ ಮಡಚುವುದು. ಆ ಎರಡು ತಾಸು ಅವ್ವ ಬೇರೆಯ ಹೆಂಗಸಾಗುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತ ಲೆಕ್ಕ ಬಿಡಿಸುತ್ತಿದ್ದಳು. ತಪ್ಪು ಹೇಳಿದವರಿಗೆ ಬೈಯುತ್ತಿರಲಿಲ್ಲ, ನಗುತ್ತಿದ್ದಳು. ಅಡುಗೆಮನೆಯಲ್ಲಿ ನಾನು ಆ ನಗು ಕಂಡವಳಲ್ಲ. ನಾನು ಮೂಲೆಯಲ್ಲಿ ಮಂಚದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದೆ, ಆ ಮಕ್ಕಳ ಜೊತೆ ಚಾಪೆಯ ಮೇಲೆ ಕೂರುತ್ತಿರಲಿಲ್ಲ. ಲತಾಳ ಲಂಗದಿಂದ ಕೊಟ್ಟಿಗೆಯ ವಾಸನೆ ಬರುತ್ತಿತ್ತು. ಇನ್ನೊಬ್ಬನ ಮೂಗು ಯಾವಾಗಲೂ ಸುರಿಯುತ್ತಿತ್ತು. ನಾನು ವ್ಯಾನಿನಲ್ಲಿ ಯಲಹಂಕದ ಇಂಗ್ಲಿಷ್ ಶಾಲೆಗೆ ಹೋಗುವವಳು, ಬಿಳಿ ಕಾಲ್ಚೀಲದವಳು. ಅತಿಥಿಗಳ ಕಾಲ್ಚೀಲದ ಮೇಲೆ ಎಷ್ಟು ಹೇಸಿಗೆಯಿತ್ತೋ ಅಷ್ಟೇ ಹೇಸಿಗೆ ಈ ಮಕ್ಕಳ ಮೇಲೂ ಇತ್ತು. ಎರಡರ ನಡುವೆ ವ್ಯತ್ಯಾಸವಿದೆ ಎಂದು ನನಗೆ ಹೊಳೆದಿರಲಿಲ್ಲ.

ದೊಡ್ಡಪ್ಪ ಬಂದದ್ದು ಕಣ್ಣಿನ ಆಪರೇಷನ್ನಿಗೆ. ಮನೆ ತುಂಬುವಾಗ ಬರಲಾಗಿರಲಿಲ್ಲ ಎಂದು ತನ್ನ ಉಡುಗೊರೆಯನ್ನು ಈಗ ತಂದಿದ್ದ. ಅದು ಜಲಪಾತದ ಪಟ. ಅಡ್ಡಕ್ಕೆ ನನ್ನ ಎರಡು ತೋಳು ಚಾಚಿದಷ್ಟು ಅಗಲ. ಹಿಂದೆ ಬಲ್ಬು, ಕರೆಂಟು ಕೊಟ್ಟರೆ ನೀರು ಬೀಳುತ್ತಿರುವ ಹಾಗೆ ಬೆಳಕು ಓಡುತ್ತದೆ, ಹಕ್ಕಿಯೊಂದು ಚಿಲಿಪಿಲಿ ಅನ್ನುತ್ತದೆ. ಆ ಹಕ್ಕಿಯ ದನಿಗಿಂತ ಅಸಹ್ಯವಾದ ದನಿಯನ್ನು ನಾನು ನನ್ನ ಬದುಕಿನಲ್ಲಿ ಕೇಳಿಲ್ಲ. ಜಲಪಾತದ ಅಡಿಯಲ್ಲಿ ದೊಡ್ಡಪ್ಪನ ಹೆಸರು, ತಾಲ್ಲೂಕು, ಜಿಲ್ಲೆ. ಒಳಗೆ ಬಂದು ಬಾಗಿಲಿನಲ್ಲಿ ನಿಂತವನು ಎದುರುಗೋಡೆ ನೋಡಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ.

"ಬಾಗಲಾ ತಗದ ಕೂಡ್ಲೆ ಕರೇ ಗ್ವಾಡಿ! ಇದೇನ್ ಮನೀನೋ ಸಾಲೀನೋ? ಲಕ್ಷ್ಮಿ ಹ್ಯಾಂಗ ಒಳಗ ಬರ್ತಾಳೋ ತಮ್ಮಾ?"

ಅಪ್ಪ ಅಣ್ಣನ ಎದುರು ಎಂದೂ ಕುರ್ಚಿಯ ಮೇಲೆ ಕೂತವನಲ್ಲ. ಅಣ್ಣ ಹೊಲ ಉತ್ತು ಇವನನ್ನು ಓದಿಸಿದವನು. ಆ ಋಣ ನಮ್ಮ ಮನೆಯಲ್ಲಿ ಅನ್ನದ ಜೊತೆ ಬಡಿಸುವ ಉಪ್ಪಿನ ಹಾಗೆ ಪ್ರತಿ ಹೊತ್ತೂ ಇರುತ್ತಿತ್ತು. ಅವ್ವ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಾಗಲೇ ಅಪ್ಪ ಕರಿಹಲಗೆಯ ನಟ್ಟನಡುವೆ ಮೊಳೆ ಹೊಡೆದುಬಿಟ್ಟ. ನಾಲ್ಕೇ ಪೆಟ್ಟು. ಅವ್ವ ಲೋಟಗಳನ್ನು ಹಿಡಿದು ಬಂದು, ಹಲಗೆಯಿಂದ ಹಕ್ಕಳೆಯೆದ್ದು ನೆಲಕ್ಕುದುರಿದ ಕಪ್ಪನ್ನು ನೋಡಿದಳು. ಆಮೇಲೆ ದಿನವೂ ನಾಲ್ಕು ಗಂಟೆಗೆ ಪಟವನ್ನು ಇಳಿಸಿ ಗೋಡೆಗೆ ಆನಿಸಿಡುವುದು, ಆರು ಗಂಟೆಗೆ ಮತ್ತೆ ಏರಿಸುವುದು ನಡೆಯಿತು. ಆ ಹೊತ್ತಿಗೆ ದೊಡ್ಡಪ್ಪನನ್ನು ಜಯಮ್ಮನ ಜಗುಲಿಗೆ ಹರಟೆಗೆ ಕಳಿಸುವ ಉಪಾಯವನ್ನೂ ಅವ್ವ ಕಂಡುಕೊಂಡಿದ್ದಳು.

ಒಂದು ದಿನ ವೃತ್ತದ ಪಾಠ. ಅವ್ವ ಒಂದು ದಾರವನ್ನು ಆ ಮೊಳೆಗೇ ಕಟ್ಟಿ, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ, ದಾರ ಬಿಗಿಹಿಡಿದು ಸುತ್ತ ಎಳೆದಳು. ಎಂಥ ವೃತ್ತ! ಆಳೆತ್ತರದ ಹಲಗೆಯ ಮೇಲೆ ಮಕ್ಕಳು ಎಂದೂ ಕಾಣದಷ್ಟು ದೊಡ್ಡ, ಎಲ್ಲೂ ಕೈ ನಡುಗದ ವೃತ್ತ. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು.

"ಈ ಮೊಳಿ ಕೇಂದ್ರ. ಇದಕ್ಕ ಎಷ್ಟ್ ಬೈದ್ರೂ ಅದು ಜಾಗಾ ಬಿಡಂಗಿಲ್ಲ. ಅದಕ್ಕ ಅದನ್ನ ಕೆಲಸಕ್ಕ ಹಚ್ಚಬೇಕು," ಎಂದಳು ಅವ್ವ. ನಾನೂ ಮಂಚದ ಮೇಲಿನಿಂದ ನಕ್ಕೆ.

ಅದೇ ಹೊತ್ತಿಗೆ ದೊಡ್ಡಪ್ಪ ಬಾಗಿಲಿಗೆ ಬಂದ. ಕಣ್ಣಿಗೆ ಹಸಿರು ಪಟ್ಟಿ, ಬಾಯಿ ತುಂಬ ತಂಬಾಕು. ಅವನ ಜಲಪಾತ ನೆಲದ ಮೇಲೆ, ಮಕ್ಕಳ ಚಪ್ಪಲಿಯ ಪಕ್ಕದಲ್ಲಿತ್ತು. ಅವನು ಕೂಗಾಡಲಿಲ್ಲ. ಮಂಚದ ಕೆಳಗೆ ಅವನಿಗಾಗಿಯೇ ಇಟ್ಟಿದ್ದ ಡಬ್ಬಿಯನ್ನು ಕಾಲಿನಿಂದ ಎಳೆದು ಉಗುಳಿದ. ಮಂದವಾದ ಕಂದು ಬಣ್ಣದ ಎಂಜಲು, ಅರ್ಧ ಡಬ್ಬಿಯಲ್ಲಿ, ಅರ್ಧ ಚಾಪೆಯ ಅಂಚಿಗೆ. ಲತಾ ಕಾಲು ಮಡಚಿಕೊಂಡಳು. ಆ ಚಾಪೆಯನ್ನು ತೊಳೆದವಳು ಅವ್ವ. ಸಂಜೆ ಅಪ್ಪ ಬಂದ ಮೇಲೆ ದೊಡ್ಡಪ್ಪ ತನ್ನ ಚೀಲ ಕಟ್ಟಿಕೊಂಡು ಕೂತಿದ್ದ.

"ನಾ ಕೊಟ್ಟದ್ದನ್ನ ಚಪ್ಲಿ ಬಾಜೂಕ ಇಟ್ಟಾಳ. ಇನ್ನ ನನ್ನ ಎಲ್ಲಿಡ್ತಾಳೋ. ನಾ ಹೊಂಟೆ."

ಅವನು ಹೊರಡಲಿಲ್ಲ, ಹೊರಡುವವನೂ ಅಲ್ಲ. ಆಪರೇಷನ್ನಿನ ಎರಡನೇ ಕಣ್ಣು ಬಾಕಿಯಿತ್ತು. ಆದರೆ ಆ ಚೀಲ ಮೂರು ದಿನ ಬಾಗಿಲ ಬಳಿ ಹಾಗೆಯೇ ಕಟ್ಟಿಕೊಂಡು ಕೂತಿತ್ತು, ಅಪ್ಪ ಪ್ರತಿ ಸಲ ಅದನ್ನು ದಾಟಿ ಹೋಗುವಾಗ ಇಷ್ಟಿಷ್ಟೇ ಕುಗ್ಗುತ್ತಿದ್ದ. ನಾಲ್ಕನೆಯ ದಿನ ಅವನಿಗೆ ಉಪಾಯ ಹೊಳೆಯಿತು. ಬಡಗಿಯನ್ನು ಕರೆತಂದ. ಗೋಡೆಯಿಂದ ಗೋಡೆಗೆ ಒಂದು ಶೋಕೇಸ್. ನಡುವೆ ಟಿವಿ, ಮೇಲೆ ಜಲಪಾತ, ಎರಡೂ ಕಡೆ ಗಾಜಿನ ಖಾನೆಗಳಲ್ಲಿ ಗಡಿಯಾರ, ಪಟ, ಗೊಂಬೆ. ಒಂದು ಮೂಲೆಯಲ್ಲಿ ದೇವರು. ಕೆಳಗೆ ಅತಿಥಿಗಳ ಹಾಸಿಗೆಗೆ ಪೆಟ್ಟಿಗೆ. ಒಂದು ಹಲಗೆ ಮಡಚಿಕೊಂಡಿದ್ದು ಬೇಕಾದಾಗ ಊಟದ ಮೇಜಾಗುತ್ತದೆ. ಒಂದೇ ಕೋಣೆಗೆ ಎಲ್ಲವೂ ಆಯಿತಲ್ಲ ಎಂದು ಅಪ್ಪ ಹಿಗ್ಗಿದ. ಅವನು ಕೆಟ್ಟವನಲ್ಲ, ಎಲ್ಲರನ್ನೂ ಮೆಚ್ಚಿಸಬೇಕೆನ್ನುವವನು. ಕೆಟ್ಟವರ ಜೊತೆ ಬಾಳುವುದಕ್ಕಿಂತ ಅಂಥವರ ಜೊತೆ ಬಾಳುವುದು ಕಷ್ಟ ಎಂದು ನಾನು ಆಮೇಲೆ ತಿಳಿದುಕೊಂಡೆ. ಬಡಗಿ ಟೇಪು ಹಿಡಿದು ಕೋಣೆಯನ್ನೆಲ್ಲ ಅಳೆದ.

"ಈ ಗೋಡೆನೇ ಆಗ್ಬೇಕು ಕಣ್ರೀ ಮೇಡಂ. ಆ ಕಡೆ ಕಿಟಕಿ ಐತೆ, ಈ ಕಡೆ ಬಾಗ್ಲು ಐತೆ. ಇಲ್ಲಿ ಕೂರಿಸಿದ್ರೆ ಲುಕ್ಕೇ ಬೇರೆ."

"ಆ ಗ್ವಾಡಿ ಕೊಡೂದಿಲ್ರಿ," ಎಂದಳು ಅವ್ವ. ಬಡಗಿಗಲ್ಲ, ಅಪ್ಪನಿಗೆ. "ನೀವು ಮಾತು ಕೊಟ್ಟೀರಿ."

ನಾಲ್ಕು ದಿನ ಮನೆಯಲ್ಲಿ ಜಗಳ. ಜಗಳವೆಂದರೆ ಪಾತ್ರೆಗಳ ಸದ್ದು ಹೆಚ್ಚು, ಮಾತು ಕಡಿಮೆ. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅಪ್ಪ ಒಂದು ದಾರಿ ತೆಗೆದ.

"ನಾ ಹೇಳೂದು ಬ್ಯಾಡ, ನೀ ಹೇಳೂದು ಬ್ಯಾಡ. ಮಗಳನ್ನ ಕೇಳೂಣು. ನಾಳೆ ಇದು ಆಕೀ ಮನಿ, ಹೌದಿಲ್ಲೋ? ಆಕಿ ಹೂಂ ಅಂದ್ರ ಶೋಕೇಸ್. ಉಹೂಂ ಅಂದ್ರ ಬೋರ್ಡ್ ಇರ್ಲಿ, ಅಣ್ಣಾನೂ ಅದಕ್ಕ ಒಪ್ಪಬೇಕು."

ಅವ್ವ ರೊಟ್ಟಿಯನ್ನು ತಟ್ಟೆಗೆ ಇಟ್ಟು ನಕ್ಕಳು. ನಾಲ್ಕು ದಿನದಲ್ಲಿ ಅದೇ ಮೊದಲು.

"ಕೇಳ್ರಿ ಮತ್ತ. ಆಕಿ ನನ್ನ ಮಗಳು."

ಅವಳಿಗೆ ಅನುಮಾನವೇ ಇರಲಿಲ್ಲ. ನಾನು ಮಂಚದ ಮೇಲೆ ಕೂತು ದಿನವೂ ಅವಳನ್ನು ನೋಡುತ್ತಿದ್ದೆನಲ್ಲ, ಅದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು. ಪ್ರೀತಿ ಅದರಲ್ಲಿ ಇರಲಿಲ್ಲವೆಂದು ಹೇಳಲಾರೆ. ಆದರೆ ಹಿಂದಿನ ವಾರವಷ್ಟೇ ಅಲ್ಲಾಳಸಂದ್ರದ ಸ್ವಪ್ನಾ, ನನ್ನ ತರಗತಿಯವಳು, ನಮ್ಮ ಮನೆಗೆ ನೋಟ್ಸ್ ಇಸಿದುಕೊಳ್ಳಲು ಬಂದಿದ್ದಳು. ಸ್ವಪ್ನಾಳ ಮನೆಯಲ್ಲಿ ಗಾಜಿನ ಶೋಕೇಸು, ಅದರಲ್ಲಿ ಲೈಟು, ಲೈಟಿನ ಕೆಳಗೆ ಗೌನು ತೊಟ್ಟ ಗೊಂಬೆಗಳು. ಅವಳು ನಮ್ಮ ಹಲಗೆಯನ್ನು ನೋಡಿ, "ನಿಮ್ಮನೆ ಯಾಕೆ ಸ್ಕೂಲ್ ಥರ ಇದೆ?" ಎಂದು ಕೇಳಿ, ಲತಾ ದಾಟಿ ಹೋಗುವಾಗ ಮೂಗನ್ನು ಎರಡು ಬೆರಳಿನಿಂದ ಹಿಡಿದುಕೊಂಡಿದ್ದಳು. ನಾನು ನಾಚಿಕೆಯಿಂದ ಸತ್ತಿದ್ದೆ. ಈಗ ಮೂವರೂ ನನ್ನ ಮುಖ ನೋಡುತ್ತಿದ್ದರು. ನಾನು ಅವ್ವನ ಭಾಷೆಯಲ್ಲೂ ಮಾತಾಡಲಿಲ್ಲ, ಸ್ವಪ್ನಾಳ ಭಾಷೆಯಲ್ಲಿ ಹೇಳಿದೆ.

"ಶೋಕೇಸೇ ಇರ್ಲಿ. ಆ ಹುಡುಗ್ರೆಲ್ಲ ಸ್ಮೆಲ್ ಬರ್ತಾರೆ."

ಮೊದಲ ಮಾತು ಸಾಕಿತ್ತು. ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವನೇ ನನಗೆ ಕಲಿಸಿದ್ದಳು. ದೊಡ್ಡಪ್ಪ ತೊಡೆ ತಟ್ಟಿ ನಕ್ಕ. ಅಪ್ಪ ಗೆದ್ದವನ ಹಾಗೆ ಕಾಣಲಿಲ್ಲ, ತಟ್ಟೆ ನೋಡತೊಡಗಿದ. ನಾನು ಉಹೂಂ ಅನ್ನಲಿ ಎಂದೇ ಅವನು ನನ್ನನ್ನು ಕೇಳಿದ್ದನೋ ಏನೋ, ಅಣ್ಣನ ಮುಂದೆ ನಿಲ್ಲಲು ಅವನಿಗೊಂದು ನೆಪ ಬೇಕಿತ್ತೋ ಏನೋ, ಈಗ ನನಗೆ ಹಾಗೆನಿಸುತ್ತದೆ. ಅವ್ವ ಒಂದು ಕ್ಷಣ ನನ್ನನ್ನು ನೋಡಿ, "ಹೌದಾ," ಎಂದಳು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಅದನ್ನು ತಿಂದೆ. ಎಲ್ಲಕ್ಕಿಂತ ನನಗೆ ಹೇಸಿಗೆಯಾಗುವುದು ಇದನ್ನು ನೆನೆದಾಗ, ಹಸಿವಾಗಿತ್ತು ಎಂದು ಪೂರ್ತಿ ತಿಂದೆ.

ಬಡಗಿ ಬರುವ ದಿನ ಬೆಳಿಗ್ಗೆ ಅವ್ವ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಸ್ಟೂಲು ಹಾಕಿಕೊಂಡು, ಮೇಲಿನ ಅಂಚಿನಿಂದ ಕೆಳಗಿನವರೆಗೆ, ಒಂದು ಅಂಕಿಯೂ ಉಳಿಯದ ಹಾಗೆ. ಅಪ್ಪನಿಗೆ ಅರ್ಥವಾಗಲಿಲ್ಲ.

"ಹ್ಯಾಂಗೂ ಮುಚ್ಚೂದೈತಲ್ಲ, ಯಾಕ ಒರಸ್ತಿ?"

"ಅಕ್ಷರದ ಮ್ಯಾಲೆ ಮೊಳಿ ಹೊಡಸ್ಬ್ಯಾಡ್ರಿ," ಎಂದಳು.

ನಾಲ್ಕು ಗಂಟೆಗೆ ಪುಸ್ತಕ ಕಂಕುಳಲ್ಲಿ ಹಿಡಿದು ಬಂದ ಮಕ್ಕಳನ್ನು ಅವ್ವ ಹೊಸಿಲಲ್ಲೇ ನಿಲ್ಲಿಸಿ, ಇನ್ನು ಬರಬೇಡಿ ಎಂದು ಹೇಳಿದಳು. ಜಯಮ್ಮ ಸಂಜೆ ಬಂದು ಗೋಳಾಡಿದಳು.

"ಈಗ್ತಾನೆ ನಮ್ ಲತಾ ಗುಣಾಕಾರ ಭಾಗಾಕಾರ ಅಂತ ಬಾಯ್ ಬಿಡ್ತಿದ್ಲು. ಏನಾಯ್ತಕ್ಕ? ನಮ್ ಮಕ್ಳು ಏನಾರ ತಪ್ ಮಾಡಿದ್ವಾ?"

"ಇಲ್ರಿ. ಜಾಗಾ ಸಾಲೂದಿಲ್ಲ," ಎಂದಳು ಅವ್ವ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಶೋಕೇಸು ಎದ್ದಿತು. ಹೊಳೆಯುವ ಕಂದು ಸನ್ಮೈಕಾ, ಅಂಚಿಗೆ ಬಂಗಾರದ ಬಣ್ಣದ ಪಟ್ಟಿ. ಅಂಟಿನ ವಾಸನೆ ತಿಂಗಳುಗಟ್ಟಲೆ ಹೋಗಲಿಲ್ಲ, ಅನ್ನಕ್ಕೂ ಅದೇ ವಾಸನೆ. ಅಪ್ಪ ತನ್ನ ಕೈಯಾರೆ ಪ್ಲಾಸ್ಟಿಕ್ ದ್ರಾಕ್ಷಿ, ಪ್ಲಾಸ್ಟಿಕ್ ಬಳ್ಳಿ ತಂದು ಇಳಿಬಿಟ್ಟ. ಟಿವಿಗೆ ಕ್ರೋಶಾ ಕವರು, ಕವರಿನ ಮೇಲೆ ಗಾಜಿನ ಮೀನು. ಅದರ ಜೊತೆಗೇ ಬಂದ ಹೊಸ ಸೋಫಾಗೆ ಹಾಕಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯುವಂತಿರಲಿಲ್ಲ, ಬೇಸಿಗೆಯಲ್ಲಿ ತೊಡೆಯ ಚರ್ಮ ಅದಕ್ಕೆ ಅಂಟಿ, ಏಳುವಾಗ ಕಿತ್ತುಬಂದ ಹಾಗಾಗುತ್ತಿತ್ತು. ಹಲ್ಲಿಗಳು ಸಂದಿ ಬಿಟ್ಟು ಶೋಕೇಸಿನೊಳಗೆ ಬಂದವು, ಗಾಜಿನ ಹಿಂದೆ ಅವು ಓಡಾಡುವುದು ಈಗ ಊಟ ಮಾಡುತ್ತಲೇ ಕಾಣುತ್ತಿತ್ತು. ಮಡಚುವ ಮೇಜು ಎರಡನೇ ವಾರ ಮುರಿಯಿತು. ದೊಡ್ಡಪ್ಪ ಎರಡನೇ ಕಣ್ಣನ್ನೂ ಸರಿಮಾಡಿಕೊಂಡು, ಎರಡೂ ಕಣ್ಣಿನಿಂದ ಜಲಪಾತವನ್ನು ಕಣ್ತುಂಬ ನೋಡಿ ಊರಿಗೆ ಹೋದ. ಮತ್ತೆ ಬಂದದ್ದು ನಾಲ್ಕು ವರ್ಷದ ಮೇಲೆ. ಮೇಲೆ ಥಳಕು ಒಳಗೆ ಹುಳುಕು ಎನ್ನುತ್ತಾರಲ್ಲ, ಅದನ್ನು ನಾನು ಗಾದೆಯೆಂದು ಓದಿದವಳಲ್ಲ, ದಿನವೂ ಒರೆಸಿದವಳು. ನನ್ನ ಹುಟ್ಟುಹಬ್ಬಕ್ಕೆ ಸ್ವಪ್ನಾ ಬಂದಳು. ಶೋಕೇಸನ್ನು ಒಮ್ಮೆ ನೋಡಿ, ನಮ್ಮನೇದರಲ್ಲಿ ಲೈಟಿದೆ ಎಂದು ಹೇಳಿ, ಕೇಕು ತಿನ್ನತೊಡಗಿದಳು. ಅಷ್ಟಕ್ಕೇ ಮುಗಿಯಿತು.

ಆ ವರ್ಷ ಗಣಿತ ನನಗೆ ಕೈಕೊಟ್ಟಿತು. ಇಷ್ಟು ಜನ ಇಷ್ಟು ದಿನದಲ್ಲಿ ಮಾಡುವ ಕೆಲಸವನ್ನು ಅಷ್ಟು ಜನ ಎಷ್ಟು ದಿನದಲ್ಲಿ ಮುಗಿಸುತ್ತಾರೆ ಎನ್ನುವ ಜಾತಿಯ ಲೆಕ್ಕ. ಪುಸ್ತಕ ಹಿಡಿದು ಅಡುಗೆಮನೆಗೆ ಹೋದೆ. ಅವ್ವ ಜೋಳದ ಹಿಟ್ಟು ನಾದುತ್ತಿದ್ದಳು. ಪುಸ್ತಕವನ್ನು ನೋಡಿದಳು, ಲೆಕ್ಕವನ್ನು ಕೊನೆಯವರೆಗೆ ಓದಿದಳು ಎಂದು ಅವಳ ಕಣ್ಣು ನಡೆದ ರೀತಿಯಿಂದಲೇ ನನಗೆ ತಿಳಿಯಿತು.

"ನಂಗ ಮರತೈತಿ," ಎಂದಳು. "ಮೇನ್ ರೋಡಿನ್ಯಾಗ ಟ್ಯೂಷನ್ ಐತೆಲ್ಲ, ಅಲ್ಲೆ ಹೋಗ್ತಿಯೇನು? ನಿಮ್ಮಪ್ಪಗ ಹೇಳ್ತೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅತ್ತು ಕರೆದು ಕಾಲಾದರೂ ಹಿಡಿಯುತ್ತಿದ್ದೆ. ಎಂದಿನಂತೆ ತಲೆಗೆ ಎಣ್ಣೆ ಹಚ್ಚಿದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಳು, ನನಗೆ ಇಷ್ಟವೆಂದು ಬೆಲ್ಲ ಹಾಕಿ ಮಾದಲಿ ಮಾಡಿದಳು. ಗಣಿತ ಒಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟಳು. ನಾನು ಮೇನ್ ರೋಡಿನ ಟ್ಯೂಷನ್ನಿಗೆ ಸೇರಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಹಿತ್ತಲ ಗಿಡ ಮದ್ದೇ ಆಗಿತ್ತು, ಅದನ್ನು ಕಿತ್ತವಳು ನಾನು. ಅಲ್ಲಿಯ ಮೇಷ್ಟ್ರು ನಲವತ್ತು ಜನಕ್ಕೆ ಒಟ್ಟಿಗೆ ಹೇಳುತ್ತಿದ್ದರು, ನನ್ನ ತಲೆಗೆ ಏನೂ ಹೋಗಲಿಲ್ಲ.

ಬೇಸಿಗೆ ರಜೆ ಬಂತು. ಒಂದು ಮಧ್ಯಾಹ್ನ ಟಿವಿ ನೋಡುತ್ತ ಸೋಫಾದ ಮೇಲೆ ಬಿದ್ದಿದ್ದೆ. ಹೊರಗೆ ಅವ್ವನ ನಗು ಕೇಳಿಸಿತು. ಎಷ್ಟೋ ತಿಂಗಳಿಂದ ಕೇಳದ ನಗು, ಆದರೆ ಕೇಳಿದ ಕೂಡಲೇ ಗುರುತು ಹತ್ತಿತು. ಎದ್ದು ಬಚ್ಚಲ ಪಕ್ಕದ ಬಾಗಿಲಿಗೆ ಹೋದೆ. ಹಿಂದುಗಡೆ ಗೋಡೆಯ ಪಕ್ಕ ನೀರಿನ ಸಂಪಿನ ಮೇಲೆ ಹಾಕಿದ ಸಿಮೆಂಟಿನ ಮುಚ್ಚಳವಿತ್ತು. ಅವ್ವ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಆ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದಳು. ಸುತ್ತ ಲತಾ, ಇನ್ನಿಬ್ಬರು ಹುಡುಗಿಯರು. ಜನ, ದಿನ, ಕೆಲಸ. ನನಗೆ ಬಾರದ ಅದೇ ಜಾತಿಯ ಲೆಕ್ಕ. ಅವ್ವ ಒಂದು ಗೆರೆ ಎಳೆದಳು, ಮೇಲೊಂದು ಕೆಳಗೊಂದು ಅಂಕಿ ಬರೆದಳು, ಲತಾ ಉತ್ತರವನ್ನು ಕೂಗಿದಳು. ಮೂರು ಮೆಟ್ಟಿಲಿನಷ್ಟೇ ದೂರದಲ್ಲಿ ನಿಂತಿದ್ದ ನನಗೂ ಒಮ್ಮೆಗೇ ಅರ್ಥವಾಯಿತು, ಅಷ್ಟು ಸುಲಭವಿತ್ತು ಅದು. ನಾನು ಬರಿಗಾಲಲ್ಲಿ ಎರಡು ಹೆಜ್ಜೆ ಹೊರಗಿಟ್ಟೆ. ಸಿಮೆಂಟು ಸುಡುತ್ತಿತ್ತು. ಲತಾ ನನ್ನನ್ನು ನೋಡಿ, ತನ್ನ ಲಂಗವನ್ನು ಎಳೆದುಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬಾರೆ, ಕೂತ್ಕೋ," ಎಂದಳು. ಅವ್ವ ತಲೆಯೆತ್ತಿದಳು. ಮುಖದ ಮೇಲೆ ಆ ನಗು ಇನ್ನೂ ಇತ್ತು, ನನಗಾಗಿ ಅದನ್ನು ಅಳಿಸಲೂ ಇಲ್ಲ.

"ಒಳಗ ಹೋಗವ್ವಾ," ಎಂದಳು, ಎಂದಿನ ಅಕ್ಕರೆಯ ದನಿಯಲ್ಲೇ. "ಇಲ್ಲಿ ಬಿಸಲೈತಿ, ನಿನಗ ಆಗಂಗಿಲ್ಲ."

ಅವರೆಲ್ಲ ಕೂತಿದ್ದದ್ದೂ ಅದೇ ಬಿಸಿಲಿನಲ್ಲಿ. ನಾನು ಒಳಗೆ ಹೋದೆ.